ಐದು ಗಂಡುಮಕ್ಕಳ ತಾಯಿ ಬರೆದ ಕ್ರಾಂತಿಯ ಇತಿಹಾಸ: ಮರ್ಸಿ ಓಟಿಸ್ ವಾರನ್ ಪ್ರಕರಣ

1805ರಲ್ಲಿ ಬಾಸ್ಟನ್‌ನಲ್ಲಿ ಅಮೆರಿಕನ್ ಕ್ರಾಂತಿಯ ಇತಿಹಾಸವೊಂದು ಅಚ್ಚಾಗಿ ಬಂತು. ಮೂರು ಸಂಪುಟ, 31 ಅಧ್ಯಾಯ. ಬರೆದವರು ಪ್ಲಿಮತ್ ಊರಿನ ಮರ್ಸಿ ಓಟಿಸ್ ವಾರನ್. ಆಗ ಅವರಿಗೆ 77ರ ಆಸುಪಾಸು ವಯಸ್ಸು. ಅವರು ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಿದವರಲ್ಲ. ಶಾಸನಸಭೆಯಲ್ಲಿ ಕೂರುವ ದಾರಿ ಹೆಂಗಸರಿಗೆ ಇರಲೇ ಇಲ್ಲ. ಯುದ್ಧಭೂಮಿಯಲ್ಲೂ ಅವರಿರಲಿಲ್ಲ.

ಹಾಗಾದರೆ ಇಷ್ಟೊಂದು ಒಳಗಿನ ವಿಷಯ ಅವರಿಗೆ ಸಿಕ್ಕಿದ್ದೆಲ್ಲಿಂದ? ಮನೆಯಿಂದಲೇ. ಅಪ್ಪ, ಅಣ್ಣ, ಗಂಡ, ಮನೆಗೆ ಬಂದುಹೋಗುತ್ತಿದ್ದ ಸ್ನೇಹಿತರು, ಇವರೆಲ್ಲ ಆ ಕ್ರಾಂತಿಯ ನಡುವೆಯೇ ಇದ್ದವರು. ಅದರಿಂದ ನೊಂದವರೂ ಇದೇ ಮನೆಯಲ್ಲಿದ್ದರು. ಹತ್ತಿರದವರ ನಡುವೆ ಕೂತು ಕಂಡದ್ದನ್ನು ಹತ್ತಿರದವರ ಮುಲಾಜಿಲ್ಲದೆ ಬರೆಯಲು ಆಗುತ್ತದೆಯೇ? ಮರ್ಸಿ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸುವುದು ಈ ಪ್ರಶ್ನೆ. ಬಹಳ ಮಟ್ಟಿಗೆ ಅವರು ಹಾಗೆ ಬರೆದರು, ಅದಕ್ಕಾಗಿ ಮೂವತ್ತು ವರ್ಷಕ್ಕೂ ಹಳೆಯ ಸ್ನೇಹವೊಂದು ಮುರಿದುಬಿದ್ದರೂ ಬರೆದದ್ದನ್ನು ತಿದ್ದಲಿಲ್ಲ. ಅದು ಹೇಗೆ ಸಾಧ್ಯವಾಯಿತು ಎಂದು ತಿಳಿಯಲು ಮೊದಲು ಅವರ ತವರಿಗೆ ಹೋಗಬೇಕು.

ತವರು

ಮರ್ಸಿ ಹುಟ್ಟಿದ್ದು 1728ರಲ್ಲಿ, ಆಗ ಬ್ರಿಟಿಷ್ ವಸಾಹತಾಗಿದ್ದ ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ತೀರದ ಬಾರ್ನ್‌ಸ್ಟಬಲ್‌ನಲ್ಲಿ. ಹದಿಮೂರು ಮಕ್ಕಳಲ್ಲಿ ಮೂರನೆಯವರು. ತಂದೆ ಜೇಮ್ಸ್ ಓಟಿಸ್ ವ್ಯಾಪಾರ, ವಕೀಲಿ, ರಾಜಕೀಯ ಮೂರರಲ್ಲೂ ಕೈಯಾಡಿಸಿದವರು. ತಾವು ಕಾಲೇಜು ಕಂಡಿರಲಿಲ್ಲ, ಮಕ್ಕಳಾದರೂ ಕಾಣಲಿ ಎಂಬ ಆಸೆ ಅವರಿಗಿತ್ತು. ನೆಂಟರಾಗಿದ್ದ ಪಾದ್ರಿ ಜೊನಾಥನ್ ರಸೆಲ್ ಗಂಡುಮಕ್ಕಳಿಗೆ ಪಾಠ ಹೇಳುತ್ತಿದ್ದರು. ಮರ್ಸಿಯೂ ಆ ಪಾಠಕ್ಕೆ ಕೂತರು. ಲ್ಯಾಟಿನ್, ಗ್ರೀಕ್ ಹುಡುಗರಿಗೆ ಮಾತ್ರ. ಉಳಿದದ್ದೆಲ್ಲ ಅವರಿಗೂ ಸಿಕ್ಕಿತು: ಇತಿಹಾಸ, ಷೇಕ್ಸ್‌ಪಿಯರ್, ಮಿಲ್ಟನ್, ಪೋಪ್. ಮನೆಯಲ್ಲಿ ಹುಡುಗಿಯೊಬ್ಬಳು ಓದಲು ಕೂತರೆ ಯಾರೂ ಎಬ್ಬಿಸಲಿಲ್ಲ. ಆ ಕಾಲಕ್ಕೆ ಅದು ಸಣ್ಣ ವಿಷಯ ಅಲ್ಲ.

ಮೂರು ವರ್ಷ ದೊಡ್ಡವನಾದ ಅಣ್ಣ ಜೇಮ್ಸ್‌ನನ್ನು ಮನೆಯಲ್ಲಿ ಜೆಮ್ಮಿ ಎನ್ನುತ್ತಿದ್ದರು. ಅವನೆಂದರೆ ಮರ್ಸಿಗೆ ಪ್ರಾಣ. 1743ರಲ್ಲಿ ಅವನು ಹಾರ್ವರ್ಡ್‌ನಲ್ಲಿ ಪದವಿ ಪಡೆದಾಗ ಅವರೂ ನೋಡಲು ಹೋಗಿದ್ದರು.

ಈ ಮನೆಯನ್ನು ಸರ್ಕಾರದ ವಿರುದ್ಧ ತಿರುಗಿಸಿದ ಘಟನೆ ನಡೆದದ್ದು 1760ರಲ್ಲಿ. ಮ್ಯಾಸಚೂಸೆಟ್ಸ್‌ನ ಮುಖ್ಯ ನ್ಯಾಯಾಧೀಶರು ತೀರಿಕೊಂಡರು. ನ್ಯಾಯಪೀಠದಲ್ಲಿ ತನಗೊಂದು ಜಾಗ ಸಿಗುತ್ತದೆ ಎಂದು ಅಪ್ಪ ಓಟಿಸ್ ನಂಬಿದ್ದರು. ಹೊಸ ಗವರ್ನರ್ ಫ್ರಾನ್ಸಿಸ್ ಬರ್ನಾರ್ಡ್ ಮುಖ್ಯ ನ್ಯಾಯಾಧೀಶರ ಹುದ್ದೆಯನ್ನು ಥಾಮಸ್ ಹಚಿನ್‌ಸನ್‌ಗೆ ಕೊಟ್ಟರು. ಹಚಿನ್‌ಸನ್ ಆಗಲೇ ಲೆಫ್ಟಿನೆಂಟ್ ಗವರ್ನರ್. ಕಾನೂನು ಓದಿದವರೂ ಅಲ್ಲ. ಜೆಮ್ಮಿ ಆಗ ರಾಜನ ಪರ ವಕೀಲರಾಗಿದ್ದರು. ಆ ಹುದ್ದೆ ಬಿಟ್ಟು ಬಾಸ್ಟನ್ ವ್ಯಾಪಾರಿಗಳ ಪರ ನಿಂತರು. 1761ರ ಫೆಬ್ರವರಿಯಲ್ಲಿ, ಅದೇ ಹಚಿನ್‌ಸನ್ ಎದುರು, ಸುಂಕದ ಅಧಿಕಾರಿಗಳು ಯಾರ ಮನೆಗಾದರೂ ನುಗ್ಗಿ ಹುಡುಕಲು ಅವಕಾಶ ಕೊಡುವ ಸಾಮಾನ್ಯ ವಾರಂಟ್‌ಗಳ ವಿರುದ್ಧ ಗಂಟೆಗಟ್ಟಲೆ ವಾದಿಸಿದರು. ಕೇಸು ಸೋತಿತು. ಆದರೆ ಕೋರ್ಟಿನಲ್ಲಿ ಕೂತು ಕೇಳಿಸಿಕೊಂಡ ಯುವ ವಕೀಲ ಜಾನ್ ಆಡಮ್ಸ್, ಸ್ವಾತಂತ್ರ್ಯ ಎಂಬ ಮಗು ಹುಟ್ಟಿದ್ದು ಅಲ್ಲೇ ಎಂದು ಮುಪ್ಪಿನಲ್ಲಿ ಬರೆದರು.

ಓಟಿಸ್ ಮನೆಯವರ ದೇಶಪ್ರೇಮ ಕೈತಪ್ಪಿದ ಹುದ್ದೆಯ ಸಿಟ್ಟು, ಅಷ್ಟೇ, ಎಂದು ಹಚಿನ್‌ಸನ್ ಕಡೆಯವರು ಕೊನೆವರೆಗೂ ಹೇಳುತ್ತಿದ್ದರು. ಇದನ್ನು ತಳ್ಳಿಹಾಕುವುದು ಸರಿಯಲ್ಲ. ಸಿಟ್ಟು ಇತ್ತು, ಮರ್ಸಿಯ ಇತಿಹಾಸದಲ್ಲೂ ಅದರ ಕಾವು ಕಾಣುತ್ತದೆ. ಹಚಿನ್‌ಸನ್ ಬಗ್ಗೆ ಅವರು ಒಂದು ಒಳ್ಳೆಯ ಮಾತನ್ನೂ ಸುಲಭವಾಗಿ ಆಡುವುದಿಲ್ಲ. ಪುಸ್ತಕದ ದೊಡ್ಡ ಕೊರತೆ ಅದೇ. ಆದರೆ ಹುದ್ದೆಯ ಸಿಟ್ಟು ಒಂದೆರಡು ವರ್ಷ ನಡೆಸೀತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಬ್ಬರನ್ನು ಮೇಜಿನ ಮುಂದೆ ಕೂರಿಸಲಾರದು.

1769ರ ಸೆಪ್ಟೆಂಬರ್‌ನಲ್ಲಿ ಬಾಸ್ಟನ್‌ನ ಕಾಫಿಹೌಸ್ ಒಂದರಲ್ಲಿ ಸುಂಕ ಇಲಾಖೆಯ ಕಮಿಷನರ್ ಜಾನ್ ರಾಬಿನ್‌ಸನ್ ಮತ್ತು ಜೆಮ್ಮಿ ನಡುವೆ ಹೊಡೆದಾಟವಾಯಿತು. ಜೆಮ್ಮಿಯ ತಲೆಗೆ ದೊಡ್ಡ ಗಾಯ. ಮೊದಲೇ ಏರುಪೇರಾಗುತ್ತಿದ್ದ ಮನಸ್ಸು ಮತ್ತೆ ಸ್ಥಿಮಿತಕ್ಕೆ ಬರಲಿಲ್ಲ. ಕೋರ್ಟು ದೊಡ್ಡ ಮೊತ್ತದ ಪರಿಹಾರ ಕೊಡಿಸಿತು. ಎದುರಾಳಿ ಕ್ಷಮೆ ಕೇಳಿದ ಮೇಲೆ ಜೆಮ್ಮಿ ಆ ಹಣ ಬೇಡ ಎಂದರು. ಅವರದೇ ಸಂಸಾರವೂ ಎರಡಾಗಿತ್ತು: ಹೆಂಡತಿ ರಾಜನ ಪಕ್ಷದ ಕಡೆಗೆ ಒಲಿದವರು, ಒಬ್ಬ ಮಗಳು ಮದುವೆಯಾದದ್ದು ಬ್ರಿಟಿಷ್ ಸೈನ್ಯಾಧಿಕಾರಿಯನ್ನು. ಪ್ರಾಂತದಲ್ಲೇ ಹೆಸರಾದ ಮಾತುಗಾರ ಮಾತು ಕಳೆದುಕೊಂಡ ಆ ವರ್ಷಗಳಲ್ಲೇ ತಂಗಿ ರಾಜಕೀಯ ಬರಹಕ್ಕೆ ಇಳಿದರು.

ಗಂಡನ ಮನೆ

1754ರಲ್ಲಿ ಮರ್ಸಿ ಪ್ಲಿಮತ್‌ನ ಜೇಮ್ಸ್ ವಾರನ್‌ರನ್ನು ಮದುವೆಯಾದರು. ವಾರನ್ ಹಾರ್ವರ್ಡ್‌ನಲ್ಲಿ ಓದಿದವರು, ಜಮೀನು ವ್ಯಾಪಾರ ಎರಡೂ ಇದ್ದವರು. 1757ರಿಂದ 1766ರ ನಡುವೆ ಐದು ಗಂಡುಮಕ್ಕಳಾದರು: ಜೇಮ್ಸ್, ವಿನ್ಸ್‌ಲೋ, ಚಾರ್ಲ್ಸ್, ಹೆನ್ರಿ, ಜಾರ್ಜ್. ಗಂಡ ಹೆಂಡತಿ ಪರಸ್ಪರ ಬರೆದ ಪತ್ರಗಳನ್ನು ಓದಿದರೆ ಒಂದು ವಿಷಯ ಸ್ಪಷ್ಟ. ವಾರನ್ ಹೆಂಡತಿಯ ಬರವಣಿಗೆಯನ್ನು ಸುಮ್ನೆ ಸಹಿಸಿಕೊಂಡವರಲ್ಲ. ಅದರ ಬಗ್ಗೆ ಹೆಮ್ಮೆಪಟ್ಟವರು.

ಪ್ಲಿಮತ್‌ನ ಆ ಮನೆಯಲ್ಲಿ ರಾಜಕೀಯ ಊಟದ ಜೊತೆ ನಡೆಯುತ್ತಿತ್ತು. 1772ರ ಶರತ್ಕಾಲದಲ್ಲಿ ಬಾಸ್ಟನ್ ಚಳವಳಿಯ ನಾಯಕ ಸ್ಯಾಮ್ಯುಯಲ್ ಆಡಮ್ಸ್ ಅಲ್ಲಿಗೆ ಬಂದರು. ಊರೂರಿನ ನಡುವೆ ಪತ್ರ ಹಂಚಿಕೊಳ್ಳುವ ಸಮಿತಿಗಳ ಯೋಚನೆ ಅಲ್ಲೇ ಚರ್ಚೆಯಾಯಿತು. ನವೆಂಬರ್‌ನಲ್ಲಿ ಬಾಸ್ಟನ್‌ನ ಸಮಿತಿ ಹುಟ್ಟಿತು. ಮುಂದೆ ಇಡೀ ಚಳವಳಿಯನ್ನು ಹೆಣೆದದ್ದು ಇಂಥ ಸಮಿತಿಗಳೇ.

ಅದೇ 1772ರಲ್ಲಿ ಮರ್ಸಿಯ ಮೊದಲ ವಿಡಂಬನ ನಾಟಕ 'ದಿ ಅಡ್ಯುಲೇಟರ್' ಬಾಸ್ಟನ್‌ನ ಪತ್ರಿಕೆಯೊಂದರಲ್ಲಿ ಹೆಸರಿಲ್ಲದೆ ಬಂತು. ಮ್ಯಾಸಚೂಸೆಟ್ಸ್‌ನಲ್ಲಿ ಆಗ ನಾಟಕ ಆಡುವುದಕ್ಕೇ ಕಾನೂನಿನ ನಿಷೇಧ ಇತ್ತು. ಹಾಗಾಗಿ ಇದು ಓದುವುದಕ್ಕೆಂದೇ ಬರೆದ ನಾಟಕ. ಕಥೆ ನಡೆಯುವುದು ಎಲ್ಲೋ ದೂರದ ಕಲ್ಪನೆಯ ನಾಡಿನಲ್ಲಿ. ಆದರೆ ಅದರ ದುಷ್ಟ ಆಳುವವ ರಪಾಷಿಯೋ ಯಾರು ಎಂದು ಓದಿದವರಿಗೆಲ್ಲ ಗೊತ್ತಾಯಿತು. ಅಷ್ಟು ಹೊತ್ತಿಗೆ ಹಚಿನ್‌ಸನ್ ಗವರ್ನರ್ ಆಗಿದ್ದರು. ಜನ ಅವರನ್ನು ಆ ಹೆಸರಿನಿಂದಲೇ ಕರೆಯತೊಡಗಿದರು. ನಾಟಕದ ಬ್ರೂಟಸ್ ಅಣ್ಣ ಜೆಮ್ಮಿ. ಮುಂದಿನ ವರ್ಷ 'ದಿ ಡಿಫೀಟ್', 1775ರಲ್ಲಿ 'ದಿ ಗ್ರೂಪ್' ಬಂದವು.

1773ರ ಡಿಸೆಂಬರ್‌ನಲ್ಲಿ, ಆ ಕೇಡಿನ ಸೊಪ್ಪು ಚಹಾ ಬಂದಿಳಿಯಿತು ಎಂದು ಜಾನ್ ಆಡಮ್ಸ್‌ರ ಹೆಂಡತಿ ಅಬಿಗೇಲ್ ಆಡಮ್ಸ್ ಬರೆದದ್ದು ಗೆಳತಿ ಮರ್ಸಿಗೇ. ಅದೇ ತಿಂಗಳು ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಚಹಾವನ್ನು, ಅದರ ಮೇಲಿನ ತೆರಿಗೆ ವಿರೋಧಿಸಿದವರು ಬಾಸ್ಟನ್ ಬಂದರಿನಲ್ಲಿ ನೀರುಪಾಲು ಮಾಡಿದರು. ಅದರ ಮೇಲೊಂದು ಪದ್ಯ ಬರೆಯಿರಿ ಎಂದು ಜಾನ್ ಆಡಮ್ಸ್ ಕೇಳಿಕೊಂಡರು, ಮರ್ಸಿ ಬರೆದುಕೊಟ್ಟರು. (ಈ ಕಂಪನಿ ಕನ್ನಡಿಗರಿಗೆ ಅಪರಿಚಿತವಲ್ಲ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದ ಸೈನ್ಯದ ಸೇನಾಪತಿ ಕಾರ್ನ್‌ವಾಲಿಸ್ ಮುಂದೆ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದ. 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ತೆಗೆದುಕೊಂಡ.)

ಈ ಪ್ರಕರಣದ ಕೀಲು ಇರುವುದು 1775ರ ಆರಂಭದ ಒಂದು ಪತ್ರದಲ್ಲಿ. 'ದಿ ಗ್ರೂಪ್' ಬರೆಯುತ್ತಿದ್ದಾಗ ಮರ್ಸಿಗೆ ಅಳುಕು ಹುಟ್ಟಿತು. ಬದುಕಿರುವ ಗಂಡಸರನ್ನು ಹೀಗೆ ಹೆಸರು ಮರೆಸಿ ಚುಚ್ಚುವುದು ಹೆಣ್ಣಿಗೆ ತಕ್ಕದ್ದೇ ಎಂದು ಜಾನ್ ಆಡಮ್ಸ್‌ರನ್ನು ಕೇಳಿದರು. ಆಡಮ್ಸ್ ಧೈರ್ಯ ತುಂಬಿದರು. ನಿಷ್ಠೆಯುಳ್ಳ ಇತಿಹಾಸಕಾರ ಮನುಷ್ಯರನ್ನು ಇದ್ದಹಾಗೆ ಚಿತ್ರಿಸಬೇಕು, ನಿಂದೆ ಯಾರ ಮೇಲಾದರೂ ಬೀಳಲಿ ಎಂಬ ಅರ್ಥದ ಮಾತು ಅವರದು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಯುದ್ಧ ಶುರುವಾದ ಮೇಲೆ ಜೇಮ್ಸ್ ವಾರನ್ ಕ್ರಾಂತಿಯ ಪರದವರ ಶಾಸನಸಭೆಯಾದ ಮ್ಯಾಸಚೂಸೆಟ್ಸ್ ಪ್ರಾಂತೀಯ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಸ್ವಲ್ಪ ಕಾಲ ಸೈನ್ಯದ ಸಂಬಳ ಬಟವಾಡೆಯ ಮುಖ್ಯಾಧಿಕಾರಿಯೂ ಆಗಿದ್ದರು. ಮರ್ಸಿ ಆಗಾಗ ಗಂಡ ಇದ್ದ ಕಡೆಗೆ ಹೋಗಿಬರುತ್ತಿದ್ದರು. ವಾಷಿಂಗ್ಟನ್ ಮತ್ತು ಅವರ ಸೇನಾಪತಿಗಳನ್ನು ಹತ್ತಿರದಿಂದ ಕಂಡರು, ಕಂಡದ್ದನ್ನು ಪತ್ರಗಳಲ್ಲಿ ಬರೆದರು. ಇತಿಹಾಸ ಬರೆಯುವ ಸಿದ್ಧತೆ ಆಗಲೇ ಶುರುವಾಗಿತ್ತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಗಂಡ ದೂರ ಇದ್ದಾಗ ಮರ್ಸಿ ಕುಗ್ಗಿಹೋಗುತ್ತಿದ್ದರು. ತಲೆನೋವು, ಭಯ, ಒಂಟಿತನ ಎಲ್ಲ ಪತ್ರಗಳಲ್ಲಿದೆ. ದೇಶದ ಕೆಲಸ ಮಾಡಿ ಎಂದು ಬರೆದ ಕೈಯೇ ಬೇಗ ಮನೆಗೆ ಬನ್ನಿ ಎಂದೂ ಬರೆಯುತ್ತಿತ್ತು. ವಾರನ್ 1776ರಲ್ಲಿ ಉನ್ನತ ನ್ಯಾಯಾಲಯದ ನ್ಯಾಯಾಧೀಶರ ಹುದ್ದೆಯನ್ನು, 1780ರಲ್ಲಿ ಲೆಫ್ಟಿನೆಂಟ್ ಗವರ್ನರ್ ಹುದ್ದೆಯನ್ನು ಬೇಡ ಎಂದರು. ಹೀಗೆ ಒಂದೊಂದೇ ಹುದ್ದೆ ಬಿಟ್ಟುಕೊಟ್ಟವರನ್ನು ರಾಜಕೀಯವೂ ನಿಧಾನಕ್ಕೆ ಬಿಟ್ಟಿತು. ದೇಶಭಕ್ತೆ ಎಂದ ಕೂಡಲೇ ಎಲ್ಲವನ್ನೂ ನಗುನಗುತ್ತಾ ಅರ್ಪಿಸಿದ ಹೆಣ್ಣನ್ನು ಚಿತ್ರಿಸುವ ಅಭ್ಯಾಸ ನಮಗಿದೆ. ಮರ್ಸಿ ಹಾಗಿರಲಿಲ್ಲ. ಹೆದರಿದರು, ಅತ್ತರು, ಆದರೂ ಬರೆದರು. ನನಗೆ ಅವರ ಮೇಲೆ ಗೌರವ ಜಾಸ್ತಿಯಾಗುವುದು ಈ ಕಾರಣಕ್ಕೇ.

ಹೆಂಗಸರ ಹಕ್ಕಿನ ಬಗ್ಗೆ ಅವರ ನಿಲುವು ಗೆಳತಿಯಷ್ಟು ಚುರುಕಾಗಿರಲಿಲ್ಲ. 1776ರ ವಸಂತದಲ್ಲಿ ಅಬಿಗೇಲ್, ಹೆಂಗಸರ ಪರವಾಗಿ ಎಲ್ಲ ಪ್ರಾಂತಗಳ ಕಾಂಗ್ರೆಸ್ಸಿಗೆ ಒಂದು ಮನವಿ ಕಳಿಸೋಣ ಎಂದು ಮರ್ಸಿಯನ್ನು ಕರೆದರು. ಆ ಮನವಿ ಹೊರಡಲಿಲ್ಲ. ಹೆಣ್ಣಿನ ಬುದ್ಧಿ ಗಂಡಿಗಿಂತ ಕಡಿಮೆ ಅಲ್ಲ, ಆದರೆ ಮನೆಯ ಕೆಲಸ ಮೊದಲು ಎನ್ನುವುದು ಮರ್ಸಿಯ ನಂಬಿಕೆ. ಬಾಳಿದ್ದೂ ಹಾಗೇ.

ಮಕ್ಕಳು

1781ರಲ್ಲಿ ವಾರನ್ ದಂಪತಿ ಬಾಸ್ಟನ್ ಹತ್ತಿರದ ಮಿಲ್ಟನ್‌ನಲ್ಲಿ ಒಂದು ಮನೆ ಕೊಂಡರು. ಅದು ಥಾಮಸ್ ಹಚಿನ್‌ಸನ್ ಮನೆ. ಅವರು 1774ರಲ್ಲಿ ಇಂಗ್ಲೆಂಡಿಗೆ ಹೋದವರು ತಿರುಗಿ ಬರಲೇ ಇಲ್ಲ, 1780ರಲ್ಲಿ ಅಲ್ಲೇ ತೀರಿಕೊಂಡರು. ಇಪ್ಪತ್ತು ವರ್ಷ ಹಗೆ ಸಾಧಿಸಿದ ಮನುಷ್ಯನ ಕೋಣೆಗಳಲ್ಲಿ ಮರ್ಸಿ ಸಂಸಾರ ಹೂಡಿದರು. ಗೆದ್ದವರ ಮನೆ ಅಲ್ವಾ, ಸುಖ ಇರಬೇಕು ಅನ್ನಿಸುತ್ತದೆ. ಆದರೆ ಅವರ ಬದುಕಿನ ಅತಿ ಕಷ್ಟದ ವರ್ಷಗಳು ಶುರುವಾದದ್ದು ಅಲ್ಲಿಂದಲೇ.

ಹಿರಿಯ ಮಗ ಜೇಮ್ಸ್ 'ಅಲಯನ್ಸ್' ಎಂಬ ಯುದ್ಧನೌಕೆಯಲ್ಲಿದ್ದ. 1781ರ ಮೇ ತಿಂಗಳ ಕಾಳಗದಲ್ಲಿ ಅವನ ಕಾಲು ಛಿದ್ರವಾಯಿತು. ಬದುಕಿ ಬಂದ, ಆದರೆ ಜೀವನವಿಡೀ ಅಂಗವಿಕಲನಾಗಿ. 1783ರಲ್ಲಿ ಜೆಮ್ಮಿ ಸಿಡಿಲು ಬಡಿದು ತೀರಿಕೊಂಡರು. ಮೂರನೆಯ ಮಗ ಚಾರ್ಲ್ಸ್‌ಗೆ ಕ್ಷಯ. ಬೆಚ್ಚನೆಯ ಹವೆ ಹುಡುಕಿಕೊಂಡು ಹೋದವನು 1785ರಲ್ಲಿ ಸ್ಪೇನ್‌ನ ಸಾನ್ ಲೂಕರ್‌ನಲ್ಲಿ ತೀರಿಕೊಂಡ.

ಎರಡನೆಯವನಾದ ವಿನ್ಸ್‌ಲೋ ತಾಯಿಯ ಮುದ್ದಿನ ಮಗ. ಅವನಿಗೆ ಬರೆದ ಪತ್ರಗಳಲ್ಲಿ ಮರ್ಸಿ ತಮ್ಮ ಬುದ್ಧಿಯನ್ನೆಲ್ಲ ಸುರಿದಿದ್ದಾರೆ. ಇಂಗ್ಲೆಂಡಿನ ಲಾರ್ಡ್ ಚೆಸ್ಟರ್‌ಫೀಲ್ಡ್ ಮಗನಿಗೆ ಬರೆದ ಪತ್ರಗಳು ಆಗ ಯುವಕರಿಗೆ ಅಚ್ಚುಮೆಚ್ಚು. ಅವುಗಳ ನಯಗಾರಿಕೆಗೂ ಹೆಣ್ಣಿನ ಬಗೆಗಿನ ಹಗುರ ಮಾತಿಗೂ ಮರುಳಾಗಬೇಡ ಎಂದು ಮಗನಿಗೆ 1779ರಲ್ಲಿ ಬರೆದ ಪತ್ರ ಅಬಿಗೇಲ್‌ಗೆ ಎಷ್ಟು ಹಿಡಿಸಿತೆಂದರೆ, ಅವರು ಅದನ್ನು ಬಾಸ್ಟನ್ ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ಮಗ ಮಾತ್ರ ಯುರೋಪಿನಲ್ಲಿ ವ್ಯಾಪಾರಕ್ಕೆ ಇಳಿದು ಸೋತ, ಸಾಲ ಮಾಡಿದ. ಲಿಸ್ಬನ್‌ನಲ್ಲಿ ಕಾನ್ಸುಲ್ ಹುದ್ದೆ ಕೊಡಿಸಲು ತಾಯಿ ಮಾಡಿದ ಪ್ರಯತ್ನ ಫಲಿಸಲಿಲ್ಲ. 1789ರಲ್ಲಿ ಆಡಮ್ಸ್ ಉಪರಾಷ್ಟ್ರಪತಿಯಾದಾಗ, ನಮ್ಮ ಕುಟುಂಬವನ್ನು ಮರೆಯಬೇಡಿ ಎಂದು ಮರ್ಸಿ ಬರೆದರು. ಆಡಮ್ಸ್ ಕಟುವಾಗಿ ಇಲ್ಲವೆಂದರು. ಸಾರ್ವಜನಿಕ ಹುದ್ದೆಯನ್ನು ಸ್ನೇಹಕ್ಕೆ ಹಂಚಬಾರದು ಎನ್ನುವುದು ಸರಿಯೇ. ಆದರೂ ಆ ಉತ್ತರದ ಧಾಟಿ ಆ ತಾಯಿಯನ್ನು ಎಷ್ಟು ನೋಯಿಸಿರಬೇಕು.

ವಿನ್ಸ್‌ಲೋ 1791ರಲ್ಲಿ ಸೈನ್ಯ ಸೇರಿದ. ಅದೇ ವರ್ಷ ನವೆಂಬರ್ 4ರಂದು, ಓಹಾಯೋ ಪ್ರದೇಶದಲ್ಲಿ ತಮ್ಮ ನೆಲ ಉಳಿಸಿಕೊಳ್ಳಲು ನಿಂತ ಮಯಾಮಿ, ಶಾನೀ ಮೊದಲಾದ ಮೂಲನಿವಾಸಿಗಳ ಒಕ್ಕೂಟ ಜನರಲ್ ಸೇಂಟ್ ಕ್ಲೇರ್ ಸೈನ್ಯವನ್ನು ನುಚ್ಚುನೂರು ಮಾಡಿತು. ಸತ್ತ ಆರುನೂರಕ್ಕೂ ಹೆಚ್ಚು ಸೈನಿಕರಲ್ಲಿ ವಿನ್ಸ್‌ಲೋ ಒಬ್ಬ. ಸ್ವಾತಂತ್ರ್ಯಕ್ಕಾಗಿ ಬರೆದ ತಾಯಿಯ ಮಗ, ಬೇರೆಯವರ ನೆಲ ಹಿಡಿಯುವ ಯುದ್ಧದಲ್ಲಿ ಸತ್ತ. ಕಿರಿಯ ಜಾರ್ಜ್ 1800ರಲ್ಲಿ ತೀರಿಕೊಂಡ. ಉಳಿದವರು ಹೆನ್ರಿ ಮತ್ತು ಕಾಲು ಕಳೆದುಕೊಂಡ ಜೇಮ್ಸ್.

ಹೆಸರಿಲ್ಲದ ಕಿರುಪುಸ್ತಕ

1787ರಲ್ಲಿ ಹೊಸ ಸಂವಿಧಾನದ ಕರಡು ಹೊರಬಂತು. ಹಳೆಯ ಸಂಗಾತಿಗಳಲ್ಲಿ ಬಹಳ ಮಂದಿ ಒಪ್ಪಿದರು, ವಾರನ್ ದಂಪತಿ ಒಪ್ಪಲಿಲ್ಲ. ಅದರ ಹಿಂದಿನ ವರ್ಷ ಸಾಲದಲ್ಲಿ ಮುಳುಗಿದ್ದ ರೈತರು ಡೇನಿಯಲ್ ಶೇಸ್ ಜೊತೆ ದಂಗೆ ಎದ್ದಾಗಲೂ ಇವರಿಗೆ ದಂಗೆಕೋರರ ಮೇಲೆ ಕನಿಕರ ಇದೆ ಎಂದು ಜನ ಆಡಿಕೊಂಡಿದ್ದರು. 1788ರಲ್ಲಿ 'ಕೊಲಂಬಿಯನ್ ದೇಶಭಕ್ತ' ಎಂಬ ಹೆಸರಿನಲ್ಲಿ ಒಂದು ಕಿರುಪುಸ್ತಕ ಬಂತು. ಹಕ್ಕುಗಳ ಪಟ್ಟಿ ಎಲ್ಲಿ? ಪತ್ರಿಕಾ ಸ್ವಾತಂತ್ರ್ಯಕ್ಕೆ ಏನು ಭದ್ರತೆ? ಶಾಂತಿ ಕಾಲದಲ್ಲೂ ಕಾಯಂ ಸೈನ್ಯ ಏಕೆ? ಇವು ಅದರ ಪ್ರಶ್ನೆಗಳು. ಸಂವಿಧಾನ ಅಂಗೀಕಾರವಾಯಿತು. ಆದರೆ ಇಂಥ ಒತ್ತಾಯಗಳಿಂದಲೇ 1791ರಲ್ಲಿ ಹಕ್ಕುಗಳ ತಿದ್ದುಪಡಿಗಳು ಸೇರಿದವು. ಬರೆದವರು ಮ್ಯಾಸಚೂಸೆಟ್ಸ್‌ನ ರಾಜಕಾರಣಿ ಎಲ್‌ಬ್ರಿಜ್ ಗೆರಿ ಎಂದು ಎಲ್ಲರೂ ನಂಬಿದರು.

ಇತಿಹಾಸ, ಆಮೇಲೆ ಜಗಳ

ಇತಿಹಾಸದ ಬಹುಪಾಲು ಬರೆದಾದ ಮೇಲೂ ಮರ್ಸಿ ಅದನ್ನು ವರ್ಷಗಟ್ಟಲೆ ಇಟ್ಟುಕೊಂಡಿದ್ದರು. ಕಣ್ಣು ಮಂಜಾಗಿತ್ತು. ಲೇಖಣಿ ಹಿಡಿದವನು ಮಗ ಜೇಮ್ಸ್. ಯುದ್ಧದಲ್ಲಿ ಕಾಲು ಕಳೆದುಕೊಂಡವನು ತಾಯಿ ಹೇಳಿದಂತೆ ಆ ಯುದ್ಧದ ಇತಿಹಾಸವನ್ನು ಬರೆದುಕೊಂಡ. ಆಗ ರಾಷ್ಟ್ರಪತಿಯಾಗಿದ್ದ ಜೆಫರ್‌ಸನ್ ತಮಗೂ ತಮ್ಮ ಸಚಿವರಿಗೂ ಪ್ರತಿಗಳನ್ನು ಮುಂಗಡವಾಗಿ ಕಾದಿರಿಸಿದರು. ಈ ಸಲ ಮುಖಪುಟದಲ್ಲಿ ಮರ್ಸಿಯ ಹೆಸರು ನೇರವಾಗಿ ಇತ್ತು.

ಜಾನ್ ಆಡಮ್ಸ್ 1807ರಲ್ಲಿ ಅದನ್ನು ಓದಿ ಕೆಂಡವಾದರು. ಅವರ ಪ್ರಾಮಾಣಿಕತೆಯನ್ನು ಮರ್ಸಿ ಒಪ್ಪಿದ್ದರು. ಆದರೆ ಅವರ ಆವೇಶ, ಪೂರ್ವಗ್ರಹಗಳು ಕೆಲವೊಮ್ಮೆ ವಿವೇಕವನ್ನು ಮೀರುತ್ತಿದ್ದವು, ಇಂಗ್ಲೆಂಡಿನಲ್ಲಿದ್ದು ಬಂದ ಮೇಲೆ ರಾಜಪ್ರಭುತ್ವದ ಕಡೆ ಒಲವು ಬೆಳೆಯಿತು ಎಂದೂ ಬರೆದಿದ್ದರು. ಜುಲೈ, ಆಗಸ್ಟ್ ಎರಡೇ ತಿಂಗಳಲ್ಲಿ ಆಡಮ್ಸ್ ಹತ್ತು ಪತ್ರ ಬರೆದರು. ಕೆಲವು ಬಹಳ ಉದ್ದ, ಎಲ್ಲದರಲ್ಲೂ ಸಿಟ್ಟು. ಮರ್ಸಿ ಸಾಲುಸಾಲಾಗಿ ಉತ್ತರಿಸಿದರು, ಕೊನೆಗೆ ಇಂಥ ಭಾಷೆಗೆ ಇನ್ನು ಉತ್ತರವಿಲ್ಲ ಎಂದು ನಿಲ್ಲಿಸಿದರು.

1775ರಲ್ಲಿ ನಿಂದೆ ಯಾರ ಮೇಲಾದರೂ ಬೀಳಲಿ ಎಂದವರೂ ಇದೇ ಆಡಮ್ಸ್. ಆಗ ಚಿತ್ರವಾಗಿದ್ದವರು ಹಚಿನ್‌ಸನ್. ಈಗ ತಾವೇ. ವಾರನ್ ದಂಪತಿ ಜೆಫರ್‌ಸನ್ ಪಕ್ಷದವರು, 1800ರ ರಾಷ್ಟ್ರಪತಿ ಚುನಾವಣೆಯಲ್ಲಿ ಆಡಮ್ಸ್ ಸೋತದ್ದು ಅದೇ ಜೆಫರ್‌ಸನ್ ಎದುರು. ಹಾಗಾಗಿ ಮರ್ಸಿಯ ತೀರ್ಪಿನಲ್ಲಿ ಪಕ್ಷದ ನೆರಳಿಲ್ಲ ಎನ್ನಲಾರೆ. ಲಿಸ್ಬನ್ ಹುದ್ದೆಯ ನೋವೂ ಇದ್ದಿರಬಹುದು. ಆದರೆ ಆಡಮ್ಸ್‌ಗೆ ಆವೇಶ ಜಾಸ್ತಿ ಎಂಬ ಮಾತಿಗೆ ಆ ಹತ್ತು ಪತ್ರಗಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಬೇಕಿದ್ದರೆ ಮರ್ಸಿ ಆ ಎರಡು ವಾಕ್ಯ ಬಿಟ್ಟುಬಿಡಬಹುದಿತ್ತು. ಬಾಸ್ಟನ್‌ನಲ್ಲಿ ಯಾರೂ ಕೇಳುತ್ತಿರಲಿಲ್ಲ. ಬಿಡಲಿಲ್ಲ.

1808ರಲ್ಲಿ ಜೇಮ್ಸ್ ವಾರನ್ ತೀರಿಕೊಂಡರು. ಐದು ವರ್ಷ ಎರಡು ಮನೆಗಳ ನಡುವೆ ಮೌನ. 1812ರಲ್ಲಿ ಗೆರಿ ನಡುವೆ ನಿಂತು ರಾಜಿ ಮಾಡಿಸಿದರು. ಸ್ನೇಹದ ಗುರುತಾಗಿ ಎರಡೂ ಮನೆಯವರು ಕೂದಲಿನ ಎಳೆಗಳನ್ನು ಕೊಟ್ಟು ತೆಗೆದುಕೊಂಡರು, ಅಂದಿನ ಪದ್ಧತಿಯಂತೆ. ಆದರೂ ಮರುವರ್ಷ ಆಡಮ್ಸ್ ಗೆರಿಗೆ ಬರೆದ ಪತ್ರದಲ್ಲಿ ಇತಿಹಾಸ ಹೆಂಗಸರ ಕ್ಷೇತ್ರವಲ್ಲ ಎಂಬ ಮಾತು ಇದೆ.

1814ರಲ್ಲಿ 'ದಿ ಗ್ರೂಪ್' ಬರೆದವರು ಬೇರೆ ಯಾರೋ ಎಂಬ ಮಾತು ಮರ್ಸಿಯ ಕಿವಿಗೆ ಬಿತ್ತು. ಅವರು ಆಡಮ್ಸ್‌ಗೆ ಬರೆದರು. 78 ವರ್ಷದ ಆಡಮ್ಸ್ ಬಾಸ್ಟನ್ ಅಥೀನಿಯಂ ಗ್ರಂಥಾಲಯಕ್ಕೆ ಹೋಗಿ, ಅಲ್ಲಿದ್ದ ಪ್ರತಿಯ ಮೇಲೆ ಇದು ಮರ್ಸಿ ವಾರನ್ ಬರೆದದ್ದು ಎಂದು ತಮ್ಮ ಕೈಯಾರೆ ದಾಖಲಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ, 86ನೇ ವಯಸ್ಸಿನಲ್ಲಿ, ಮರ್ಸಿ ಪ್ಲಿಮತ್‌ನಲ್ಲಿ ತೀರಿಕೊಂಡರು. 1788ರ ಕಿರುಪುಸ್ತಕ ಮಾತ್ರ ಇನ್ನೂ ನೂರು ವರ್ಷಕ್ಕೂ ಹೆಚ್ಚು ಕಾಲ ಗೆರಿಯ ಹೆಸರಿನಲ್ಲೇ ಉಳಿಯಿತು. ಇಂಗ್ಲೆಂಡಿನ ಇತಿಹಾಸಕಾರ್ತಿ ಕ್ಯಾಥರೀನ್ ಮೆಕಾಲೆಗೆ ಮರ್ಸಿ ಬರೆದಿದ್ದ ಪತ್ರವೊಂದು 1930ರ ದಶಕದಲ್ಲಿ ಬೆಳಕಿಗೆ ಬಂದಾಗಲೇ ಅದು ಮರ್ಸಿಯದು ಎಂದು ತಿಳಿದದ್ದು.